ಎತ್ತರವಿದೆ, ಡಿಫೆನ್ಸ್ ಇಲ್ಲ: ಬ್ಯಾಸ್ಕೆಟ್‌ಬಾಲ್ ಪ್ರಶ್ನೋತ್ತರ

ಪ್ರಶ್ನೆ: ಏಳಡಿಯ ಸೆಂಟರ್‌ಗೆ (ರಿಂಗ್ ಬಳಿ ಆಡುವ ಎತ್ತರದ ಆಟಗಾರನಿಗೆ) ಡಿಫೆನ್ಸ್ ಬರುವುದಿಲ್ಲವೆಂದರೆ ಅದು ಹುಟ್ಟುಗುಣವೇ? ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಆಮೇಲೆ ಸುಧಾರಿಸಿಕೊಂಡವರು ಇದ್ದಾರೆಯೇ?
– ಓದುಗರು, ಮೈಸೂರು

ಉತ್ತರ: ಇದ್ದಾರೆ. ಬ್ರೂಕ್ ಲೋಪೆಜ್ ಅವರನ್ನೇ ತೆಗೆದುಕೊಳ್ಳಿ. 2008ರಲ್ಲಿ ನೆಟ್ಸ್ ತಂಡ ಸೇರಿದ ಮೇಲೆ ಬಹಳ ವರ್ಷ ಅವರಿಗಿದ್ದ ಹೆಸರು ರಿಂಗ್ ಹತ್ತಿರ ಪಾಯಿಂಟ್ ಗಳಿಸುವವರೆಂದು. ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು) ಸಾಲದು, ಕಾಲು ನಿಧಾನ ಎಂಬ ದೂರೂ ಜೊತೆಗಿತ್ತು. 2018ರಲ್ಲಿ, 30ನೇ ವಯಸ್ಸಿಗೆ, ಮಿಲ್ವಾಕಿ ಬಕ್ಸ್‌ಗೆ ಬಂದರು. ಕೋಚ್ ಮೈಕ್ ಬುಡೆನ್‌ಹೋಲ್ಜರ್ ಲೋಪೆಜ್‌ರನ್ನು ಸ್ಕ್ರೀನ್ (ಜೊತೆಯವನಿಗೆ ದಾರಿ ಮಾಡಲು ಡಿಫೆಂಡರ್‌ಗೆ ಅಡ್ಡ ನಿಲ್ಲುವುದು) ಬೀಳುವ ಜಾಗದವರೆಗೆ ಓಡಿಸದೆ ಪೇಂಟ್‌ನಲ್ಲಿ (ರಿಂಗ್ ಮುಂದಿನ ಆಯತದಲ್ಲಿ) ಹಿಂದೆ ನಿಲ್ಲಿಸಿದರು. ಡ್ರಾಪ್ ಎನ್ನುವುದು ಇದಕ್ಕೇ. 2020ರಲ್ಲಿ ಲೋಪೆಜ್ ಆಲ್ ಡಿಫೆನ್ಸಿವ್ (ವರ್ಷದ ಉತ್ತಮ ಡಿಫೆಂಡರ್‌ಗಳ ಗೌರವ ಪಟ್ಟಿ) ಎರಡನೇ ತಂಡದಲ್ಲಿದ್ದರು, 2023ರಲ್ಲಿ ಮೊದಲ ತಂಡದಲ್ಲಿ. ಅದೇ ವರ್ಷ ಶ್ರೇಷ್ಠ ಡಿಫೆಂಡರ್ ಮತದಾನದಲ್ಲಿ ಅವರಿಗಿಂತ ಮುಂದಿದ್ದವರು ಜಾರೆನ್ ಜಾಕ್ಸನ್ ಜೂನಿಯರ್ ಒಬ್ಬರೇ.

ಮೂವತ್ತು ದಾಟಿದ ಮೇಲೆ ಯಾರ ಕಾಲೂ ಚುರುಕಾಗುವುದಿಲ್ಲ. ಲೋಪೆಜ್ ವಿಷಯದಲ್ಲಿ ಬದಲಾದದ್ದು ನಿಲ್ಲುವ ಜಾಗ ಮತ್ತು ಕೆಲಸದ ಪಟ್ಟಿ. ರೀಬೌಂಡ್ ಲೆಕ್ಕ ಈಗಲೂ ದೊಡ್ಡದೇನಲ್ಲ. ಎದುರಾಳಿ ಸೆಂಟರ್‌ನನ್ನು ಬೆನ್ನಿನಿಂದ ತಡೆದು ಹಿಡಿಯುತ್ತಾರೆ, ಚೆಂಡು ಜೊತೆಯವರ ಕೈಗೆ ಹೋಗುತ್ತದೆ. ಡ್ರಾಪ್‌ಗೆ ಬೆಲೆಯೂ ಇದೆ. ಡ್ರಿಬಲ್ ಮಾಡುತ್ತಲೇ ನಿಂತು ಮೂರು ಪಾಯಿಂಟ್ ಹೊಡೆಯಬಲ್ಲ ಗಾರ್ಡ್ (ಚೆಂಡು ನಡೆಸುವ ಆಟಗಾರ) ಸಿಕ್ಕರೆ ಹಿಂದೆ ನಿಂತ ಸೆಂಟರ್ ನೋಡುತ್ತಾ ನಿಲ್ಲಬೇಕಾಗುತ್ತದೆ.

ಉಲ್ಟಾ ಉದಾಹರಣೆ ಜಲೀಲ್ ಒಕಾಫೋರ್. 2015ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರ ಆಯ್ಕೆಯಲ್ಲಿ) ಮೂರನೆಯವರಾಗಿ ಆಯ್ಕೆಯಾಗಿ, ಫಿಲಡೆಲ್ಫಿಯಾ ಪರ ಮೊದಲ ವರ್ಷವೇ ಪಂದ್ಯಕ್ಕೆ 17.5 ಪಾಯಿಂಟ್ ಗಳಿಸಿದರು. ಆದರೆ ಸ್ಕ್ರೀನ್ ಎದುರೂ ತಡ, ರಿಂಗ್ ಮುಂದೂ ತಡ. ಕೆಲವೇ ವರ್ಷಗಳಲ್ಲಿ ಲೀಗಿನಲ್ಲಿ ಅವರ ನೆಲೆ ತಪ್ಪಿತು. ನಮ್ಮ ಅಭಿಪ್ರಾಯ ಹೇಳುವುದಾದರೆ: ಎಲ್ಲಿ ನಿಲ್ಲಬೇಕು, ಯಾವಾಗ ಕೂಗಬೇಕು, ಯಾವಾಗ ಜಿಗಿಯಬಾರದು ಎಂಬುದನ್ನು ಯಾರು ಬೇಕಾದರೂ ಕಲಿಯಬಹುದು. ಪಕ್ಕಕ್ಕೆ ಸರಿಯುವ ವೇಗ ಮಾತ್ರ ಅಭ್ಯಾಸದಿಂದ ಅಲ್ಪಸ್ವಲ್ಪವೇ ಹೆಚ್ಚುತ್ತದೆ. ಆ ಕೊರತೆಯನ್ನು ಮುಚ್ಚಬೇಕಾದವನು ಕೋಚ್.

ಪ್ರಶ್ನೆ: ನಿಕೊಲಾ ಯೋಕಿಚ್ ಜಿಗಿಯುವುದೇ ಇಲ್ಲ. ಆದರೂ 2023ರಲ್ಲಿ ಅವರ ಡೆನ್ವರ್ ತಂಡ ಎನ್‌ಬಿಎ ಪ್ರಶಸ್ತಿ ಗೆದ್ದದ್ದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ಕೈಯಿಂದ! ಸೆಂಟರ್ ಎಂದರೆ ಬ್ಲಾಕ್ (ಶಾಟ್ ತಡೆಯುವುದು) ಎಂದುಕೊಂಡವರಿಗೆ ಅವರ ಲೆಕ್ಕ ವಿಚಿತ್ರ: ಆ ಋತುವಿನಲ್ಲಿ ಬ್ಲಾಕ್ ಪಂದ್ಯಕ್ಕೆ ಒಂದೂ ಇಲ್ಲ, ಸ್ಟೀಲ್ (ಚೆಂಡು ಕಸಿಯುವುದು) ಒಂದಕ್ಕಿಂತ ಹೆಚ್ಚು. ರಿಂಗ್ ಕಾಯಲಾರದವರನ್ನು ಹಿಂದೆ ನಿಲ್ಲಿಸಿ ಪ್ರಯೋಜನವಿಲ್ಲ. ಹಾಗಾಗಿ ಡೆನ್ವರ್ ತಂಡ ಅವರನ್ನು ಬಹಳ ಸಲ ಸ್ಕ್ರೀನ್ ಮಟ್ಟದವರೆಗೆ ಮುಂದೆ ಕಳಿಸಿತು. ಚೆಂಡು ಹೊರಡುವ ಮೊದಲೇ ಪಾಸ್ ಎಲ್ಲಿಗೆಂದು ಓದಿ ಕೈ ಅಡ್ಡ ಹಾಕುವುದು ಅವರ ಕೆಲಸ. ಹಿಂದೆ ಖಾಲಿಯಾದ ಜಾಗವನ್ನು ಉಳಿದವರು ತುಂಬಬೇಕು. ಒಬ್ಬ ತಡಮಾಡಿದರೂ ಸುಲಭದ ಲೇ-ಅಪ್ (ರಿಂಗ್ ಬುಡದ ಶಾಟ್). ಲೋಪೆಜ್‌ಗೆ ಹೊಂದಿದ್ದು ಇವರಿಗೆ ಹೊಂದದು.

ಪ್ರಶ್ನೆ: ನಮ್ಮ ಕಾಲೇಜು ತಂಡದ ಸೆಂಟರ್ 6 ಅಡಿ 5 ಅಂಗುಲ. ಪಿಕ್ ಅಂಡ್ ರೋಲ್ (ಗಾರ್ಡ್‌ಗೆ ಸ್ಕ್ರೀನ್ ಕೊಟ್ಟವನು ತಕ್ಷಣ ರಿಂಗ್ ಕಡೆ ಓಡುವ ಆಟ) ಬಂದರೆ ಗಾರ್ಡ್‌ನನ್ನೂ ಬಿಡುತ್ತಾನೆ, ರೋಲ್ ಆಗುವವನನ್ನೂ ಬಿಡುತ್ತಾನೆ. ಏನು ಅಭ್ಯಾಸ ಕೊಡಲಿ?
– ದೈಹಿಕ ಶಿಕ್ಷಕರು, ದಾವಣಗೆರೆ

ಉತ್ತರ: ಮೊದಲು ಬೇಸ್‌ಲೈನ್ ಹಿಂದಿನಿಂದ ಮೊಬೈಲ್‌ನಲ್ಲಿ 20 ಪಿಕ್ ಅಂಡ್ ರೋಲ್ ಚಿತ್ರೀಕರಿಸಿ. ಸಾಮಾನ್ಯವಾಗಿ ಕಾಣುವ ತಪ್ಪು ಮಂಡಿ ನೇರ ಮಾಡಿ ನಿಲ್ಲುವುದು. ಅವನ ತಲೆ ಎದುರಿನ ಗಾರ್ಡ್‌ನ ತಲೆಗಿಂತ ಮೇಲಿದ್ದರೆ ಅವನು ಸಾಕಷ್ಟು ಕುಳಿತಿಲ್ಲ ಎಂದೇ ಲೆಕ್ಕ. ಬೈಯುವ ಮೊದಲು ಪಾದದ ಕೀಲು ನೋಡಿ: ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲಿ. ಆಗದಿದ್ದರೆ ಕೀಲು ಬಿಗಿಯಾಗಿದೆ. ಎಷ್ಟು ಕೂಗಿದರೂ ಅವನು ಕೆಳಗೆ ಕೂರಲಾರ. ಮೀನಖಂಡ ಸಡಿಲಿಸುವ ವ್ಯಾಯಾಮ ದಿನಾ ಮಾಡಿಸಿ.

ನಿಲ್ಲುವ ಜಾಗ ಫ್ರೀ ಥ್ರೋ ಗೆರೆಯಿಂದ ಒಂದು ಹೆಜ್ಜೆ ಒಳಗೆ. ಗಾರ್ಡ್‌ಗೆ ದೂರದ ಶಾಟ್ ಇಲ್ಲದಿದ್ದರೆ ಇನ್ನೊಂದು ಹೆಜ್ಜೆ ಹಿಂದೆ. ಎರಡೂ ಪಾದ ಸಮನಾಗಿ ಇಟ್ಟು ಎದೆ ಕೊಟ್ಟು ನಿಂತರೆ ತಿರುಗುವಷ್ಟರಲ್ಲಿ ಆಟ ಮುಗಿದಿರುತ್ತದೆ; ಒಂದು ಪಾದ ಮುಂದಿರಲಿ. ಚೆಂಡಿನ ಕಡೆಯ ಕೈ ಕೆಳಗೆ, ಇನ್ನೊಂದು ಕೈ ರೋಲ್ ಆಗುವವನ ಪಾಸ್ ದಾರಿಯಲ್ಲಿ. ಹಿಂದೆ ಸರಿಯುವ ವೇಗ ರೋಲ್ ಆಗುವವನ ವೇಗದಷ್ಟೇ ಇರಬೇಕು. ಅವನು ಬೆನ್ನ ಹಿಂದೆ ಹೋದನೋ, ತಲೆ ಮೇಲಿಂದ ಪಾಸ್ ಬಂದೇ ಬರುತ್ತದೆ.

ಇಬ್ಬರ ಮೇಲೆ ಇಬ್ಬರನ್ನು ಆಡಿಸಿ, ನಿಮ್ಮ ಗಾರ್ಡ್ ಒಂದು ಹೆಜ್ಜೆ ಹಿಂದಿನಿಂದಲೇ ಶುರುಮಾಡಲಿ. ಬಲಕ್ಕೆ 8, ಎಡಕ್ಕೆ 8. ಲೇ-ಅಪ್ ಅಥವಾ ರಿಂಗ್ ಬಳಿಯ ಪಾಸ್ ಬಿಟ್ಟರೆ 2 ಅಂಕ ದಂಡ. ಕೈ ಎದುರಿಟ್ಟು ಮಧ್ಯದೂರದ ಶಾಟ್ ಹೊಡೆಸಿದರೆ, ಅದು ಒಳಗೆ ಬಿದ್ದರೂ ದಂಡವಿಲ್ಲ. ಯಾವ ಶಾಟ್ ಬಿಟ್ಟುಕೊಡಬೇಕು ಎಂಬುದು ಹುಡುಗನಿಗೆ ಹೀಗೆ ಮನದಟ್ಟಾಗುತ್ತದೆ. ಸ್ಕ್ರೀನ್ ತಾಗುವ ಎರಡು ಹೆಜ್ಜೆ ಮೊದಲೇ ‘ಸ್ಕ್ರೀನ್ ಲೆಫ್ಟ್’ ಎಂದು ಕೂಗದಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ.

ಪಕ್ಕ ಸರಿಯುವ ಅಭ್ಯಾಸಕ್ಕೆ ಪೇಂಟ್‌ನ ಅಗಲ (4.9 ಮೀಟರ್) ಸಾಕು: 15 ಸೆಕೆಂಡ್ ಕೆಲಸ, 45 ಸೆಕೆಂಡ್ ವಿಶ್ರಾಂತಿ, ಆರು ಸಲ. ಐದೈದು ನಿಮಿಷ ಕೋರ್ಟ್ ಸುತ್ತಿಸುವವರಿದ್ದಾರೆ. ದಣಿದ ಹುಡುಗ ನೆಟ್ಟಗೆ ನಿಂತು ಸರಿಯುವುದನ್ನೇ ಅಲ್ಲಿ ಕಲಿಯುತ್ತಾನೆ.

ಪ್ರಶ್ನೆ: ಮಗಳು ಸೆಂಟರ್ ಆಡುತ್ತಾಳೆ. ಮೂರನೇ ಕ್ವಾರ್ಟರ್ ಮುಗಿಯುವ ಮೊದಲೇ ನಾಲ್ಕು ಫೌಲ್ ಆಗಿರುತ್ತವೆ.
– ಓದುಗರು, ಮಂಗಳೂರು

ಉತ್ತರ: ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಐದನೆಯದಕ್ಕೆ ಹೊರಗೆ, ಎನ್‌ಬಿಎಯಲ್ಲಿ ಆರು. ರಿಂಗ್ ಬಳಿಯ ಫೌಲ್‌ಗಳಲ್ಲಿ ಹೆಚ್ಚಿನವು ಕೈ ಕೆಳಗಿಳಿದದ್ದರಿಂದ, ಇಲ್ಲವೇ ಮುಂದಕ್ಕೆ ವಾಲಿ ಜಿಗಿದದ್ದರಿಂದ ಆಗುತ್ತವೆ. ನಿಂತ ಜಾಗದಿಂದ ನೇರ ಮೇಲಕ್ಕೆ, ಕೈ ನೆಟ್ಟಗೆ ಎತ್ತಿ ಹಾರಿದರೆ ಆ ಜಾಗ ಡಿಫೆಂಡರ್‌ದೇ. ಎದುರಾಳಿಯೇ ಬಂದು ಗುದ್ದಿದರೆ ಇವಳ ಫೌಲ್ ಅಲ್ಲ. ನೆಲದಲ್ಲಿ ಸೀಮೆಸುಣ್ಣದಿಂದ ಪಾದದ ಗುರುತು ಹಾಕಿ, ಹಾರಿ ಅದೇ ಗುರುತಿಗೆ ಇಳಿಯುವುದನ್ನು 8ರಂತೆ ಮೂರು ಸುತ್ತು ಮಾಡಿಸಿ. ಎರಡೂ ಕೈಯಲ್ಲಿ ಟೆನ್ನಿಸ್ ಚೆಂಡು ಹಿಡಿದು ಡಿಫೆನ್ಸ್ ಆಡಿಸಿದರೆ ಜೆರ್ಸಿ ಎಳೆಯುವ ಚಾಳಿಯೂ ಬಿಡುತ್ತದೆ. ಚೆಂಡು ಶೂಟರ್ ಕೈ ಬಿಡುವವರೆಗೆ ನೆಲ ಬಿಡಬಾರದು.

ಪ್ರಶ್ನೆ: ಇಷ್ಟೆಲ್ಲ ಏಕೆ, ಝೋನ್ (ಆಟಗಾರನನ್ನಲ್ಲ, ಜಾಗವನ್ನು ಕಾಯುವ ಡಿಫೆನ್ಸ್) ಹಾಕಿ ಸೆಂಟರ್‌ನನ್ನು ರಿಂಗ್ ಕೆಳಗೆ ನಿಲ್ಲಿಸಿದರೆ ಆಗದೇ?
– ಓದುಗರು, ಕೊಡಗು

ಉತ್ತರ: ಆಗುತ್ತದೆ, ಫಿಬಾ ನಿಯಮದಂತೆ ಆಡುವ ನಮ್ಮಲ್ಲಿ ಇನ್ನೂ ಸುಲಭ. ಎನ್‌ಬಿಎಯಲ್ಲಿ ಯಾರನ್ನೂ ಹತ್ತಿರದಿಂದ ಕಾಯದೆ ಪೇಂಟ್‌ನಲ್ಲಿ ಮೂರು ಸೆಕೆಂಡ್ ಮೀರಿ ನಿಂತರೆ ಡಿಫೆಂಡರ್‌ಗೆ ಟೆಕ್ನಿಕಲ್ ಫೌಲ್. ಫಿಬಾದಲ್ಲಿ ಡಿಫೆನ್ಸ್‌ಗೆ ಆ ನಿಯಮವಿಲ್ಲ. ಆದರೆ ಝೋನ್‌ನಲ್ಲಿ ಯಾರನ್ನು ಬಾಕ್ಸ್ ಔಟ್ (ಬೆನ್ನಿನಿಂದ ತಡೆಯುವುದು) ಮಾಡಬೇಕೆಂಬುದು ಮೊದಲೇ ಗೊತ್ತಿರುವುದಿಲ್ಲ, ರೀಬೌಂಡ್ ಕೈತಪ್ಪುತ್ತದೆ. ಶಾಟ್ ಹೋದ ಕ್ಷಣ ಚೆಂಡು ನೋಡದೆ ಹತ್ತಿರದವನಿಗೆ ಮೈ ತಾಗಿಸಿ ಬೆನ್ನು ಕೊಡು ಎಂದು ಕಲಿಸಿರಿ. ಮೂಲೆಯಿಂದ ಮೂರು ಪಾಯಿಂಟ್ ಹೊಡೆಯುವ ಇಬ್ಬರು ಎದುರು ತಂಡದಲ್ಲಿದ್ದರೆ ಝೋನ್ ಬೇಡ.