ಕಾರ್ಡ್ ಗಂಡನ ಹೆಸರಲ್ಲಿದ್ದರೆ ದೂರು ಕೊಡೋದು ಹೇಗೆ?

(ಗುರುತು ಸಿಗದ ಹಾಗೆ ಹೆಸರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ.)

ಕಮಲಾ ಅಂತಿಟ್ಟುಕೊಳ್ಳೋಣ. ಮೂವತ್ತರ ಮೇಲೆ ವಯಸ್ಸು. ತಮಿಳುನಾಡಿನ ಹೊಸೂರು ಸೀಮೆಯ ಶ್ರೀಲಂಕಾ ತಮಿಳರ ಪುನರ್ವಸತಿ ಶಿಬಿರವೊಂದರಲ್ಲಿ ಮನೆ. ಯುದ್ಧಕ್ಕೆ ಹೆದರಿ ದೋಣಿ ಹತ್ತಿ ಬಂದವರು ಅಪ್ಪ, ಅಮ್ಮ. ಈಕೆ ಹುಟ್ಟಿದ್ದೇ ಶಿಬಿರದಲ್ಲಿ. ಗುಲಾಬಿ ತೋಟದಲ್ಲಿ ಕೂಲಿ. ಅಲ್ಲಿ ಜೊತೆಗೆ ಹೂ ಕೊಯ್ಯುವ ದೇಂಕಣಿಕೋಟೆ ಕಡೆಯ ಕನ್ನಡದ ಅಕ್ಕ, ಸಲಹೆ ಕೇಳೋಕೆ ನನ್ನ ಹತ್ತಿರ ಕರೆದುಕೊಂಡು ಬಂದರು.

ಕಮಲಾ ಬೆರಳ ತುಂಬಾ ಮುಳ್ಳಿನ ಗೀರು. ಮಣಿಕಟ್ಟಿನ ಮೇಲಿದ್ದುದು ಮುಳ್ಳಿನದ್ದಲ್ಲ.

'ಮೇಡಂ, ಗಂಡನ್ನೂ ಕರೆಸಿ, ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ' ಅಂದರು ಅಕ್ಕ. ಒಳ್ಳೆ ಮನಸ್ಸಿನ ಮಾತೇ. ಆದರೆ ಹೊಡೆತ ಇರುವ ಮನೆಯವರನ್ನು ನಾನು ಒಟ್ಟಿಗೆ ಕೂರಿಸುವುದಿಲ್ಲ. ಇಲ್ಲಿ ಬಾಯಿಬಿಟ್ಟದ್ದಕ್ಕೆ ರಾತ್ರಿ ಮನೆಯಲ್ಲಿ ಪೆಟ್ಟು ತಿನ್ನುವವಳು ಅವಳೇ ತಾನೇ? ಶಿಬಿರದ ಹಿರಿಯರ ಪಂಚಾಯಿತಿಯೂ ಬೇಡವೆಂದೆ. ಅಲ್ಲಿ ಕೂರುವವರೆಲ್ಲ ಗಂಡನ ಕಡೆಯವರೇ.

ಕಮಲಾಗೆ ಪೆಟ್ಟಿಗಿಂತ ಕಾಗದದ ಭಯ ಜಾಸ್ತಿ. 'ಸ್ಟೇಷನ್‌ಗೆ ಹೋದರೆ ಕ್ಯೂ ಬ್ರಾಂಚ್‌ನವರು ನಿನ್ನ ಹೆಸರು ಹೊಡೆದುಹಾಕ್ತಾರೆ, ಲಂಕೆಗೆ ಕಳಿಸ್ತಾರೆ' ಅಂತ ಗಂಡ ಹೆದರಿಸಿದ್ದ. (ಕ್ಯೂ ಬ್ರಾಂಚ್ ಅಂದರೆ ಶಿಬಿರಗಳ ಮೇಲೆ ಕಣ್ಣಿಡುವ ತಮಿಳುನಾಡು ಪೊಲೀಸರ ಗುಪ್ತಚರ ವಿಭಾಗ.) ಶಿಬಿರದವರಿಗೆ ಕೊಡುವ ಕುಟುಂಬದ ಗುರುತಿನ ಕಾರ್ಡ್ ಅವನ ಹೆಸರಲ್ಲಿ, ಅವನ ಹತ್ತಿರ. 2021ರಲ್ಲಿ ತಮಿಳುನಾಡು ಸರ್ಕಾರ ತಿಂಗಳ ಸಹಾಯಧನ ಹೆಚ್ಚಿಸಿ, ಕುಟುಂಬದ ಮುಖ್ಯಸ್ಥರಿಗೆ 1500, ಉಳಿದ ದೊಡ್ಡವರಿಗೆ 1000 ರೂಪಾಯಿ ಮಾಡಿತು. ಕಮಲಾ ಪಾಲಿನ ಸಾವಿರವೂ ಅವನ ಕೈಗೇ, ಅಲ್ಲಿಂದ ಹೆಂಡದಂಗಡಿಗೆ. ಈ ಗಂಟು ಬಿಚ್ಚದೆ 'ಧೈರ್ಯ ತಗೋಮ್ಮಾ' ಅಂದರೆ ಸುಮ್ನೆ ಮಾತು.

ಹಾಗಾಗಿ ಮೊದಲು ಕಾನೂನು ಬಿಡಿಸಿ ಹೇಳಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 'ಯಾವುದೇ ಮಹಿಳೆ' ಅನ್ನುತ್ತದೆ, ಭಾರತದ ಪ್ರಜೆ ಅನ್ನುವುದಿಲ್ಲ. ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಹೊಡೆಯಬಾರದೆಂಬ ಆದೇಶವನ್ನೂ ಖರ್ಚಿಗೆ ಹಣವನ್ನೂ ಕೇಳಬಹುದು. ಆಮೇಲೆ ಕೆಲಸದ ಮಾತು. ಕಾರ್ಡ್, ಮಕ್ಕಳ ಶಾಲೆ ಕಾಗದದ ನಕಲು ಅಕ್ಕನ ಮನೆಯಲ್ಲಿರಲಿ. ತನ್ನದೇ ಬ್ಯಾಂಕ್ ಖಾತೆಗೆ ತನ್ನ ಪಾಲು ಬರುವಂತೆ ಕಂದಾಯ ಇಲಾಖೆಗೆ ಅರ್ಜಿ ಕೊಡಲಿ, ಗಾಯಕ್ಕೆ ಸರ್ಕಾರಿ ಆಸ್ಪತ್ರೆಯ ಚೀಟಿ ಇಟ್ಟುಕೊಳ್ಳಲಿ. ಅವನು ಕುಡಿದು ಬಂದ ರಾತ್ರಿ ಯಾವ ಬಾಗಿಲಿಗೆ ಓಡಬೇಕು ಅಂತ ಮಗಳಿಗೂ ತಿಳಿದಿರಲಿ. ಮಹಿಳಾ ಸಹಾಯವಾಣಿ 181 ನಂಬರನ್ನು ಬೇರೆ ಹೆಸರಲ್ಲಿ ಸೇವ್ ಮಾಡಿಸಿದೆ, ಫೋನ್ ಅವನ ಕೈಗೂ ಸಿಗುತ್ತದಲ್ಲ.

ಮಗಳಿಗೆ ಹದಿನಾಲ್ಕು. ಎಲ್ಲರಿಗೂ ಸೇರಿದ ಶೌಚಾಲಯಕ್ಕೆ ಚಿಲಕವಿಲ್ಲ, ದಾರಿಯಲ್ಲಿ ದೀಪವಿಲ್ಲ, ಪಕ್ಕದಲ್ಲೇ ಗಂಡಸರು ಕುಡಿಯುವ ಜಾಗ. ಸಂಜೆ ಮೇಲೆ ಹುಡುಗಿ ನೀರೇ ಕುಡಿಯುವುದಿಲ್ಲವಂತೆ. ಇದು ಒಂದು ಮನೆಯ ಕಷ್ಟವಲ್ಲ. ಮನೆಯ ಜಗಳ ಬಾಯಿಗೆ ತರದೆ, ಸ್ವಸಹಾಯ ಸಂಘದ ಹೆಂಗಸರೆಲ್ಲ ಸೇರಿ ಸೋಮವಾರದ ಕುಂದುಕೊರತೆ ಸಭೆಯಲ್ಲಿ ಚಿಲಕ, ದೀಪ ಕೇಳಿ ಅಂದೆ.

ಒಂದು ಮಾತು ಮೊದಲೇ ಹೇಳಿಟ್ಟೆ: 'ನಿಮ್ಮ ವಿಷಯ ನನ್ನಲ್ಲೇ ಇರುತ್ತದೆ. ಆದರೆ ಮಗಳ ಮೈಮೇಲೆ ಯಾರಾದರೂ ಕೈಹಾಕಿದ್ದು ಗೊತ್ತಾದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು.' ತಲೆಯಾಡಿಸಿದರು.

ಕಮಲಾ ಇನ್ನೂ ಕೇಸು ಹಾಕಿಲ್ಲ, ನಾನೂ ಒತ್ತಾಯಿಸಿಲ್ಲ. ಬ್ಯಾಂಕ್ ಖಾತೆ ತೆರೆದಿದ್ದಾರೆ. ಪಾಸ್‌ಬುಕ್ ಅಕ್ಕನ ಮನೆಯಲ್ಲಿದೆ.