ಅ ಆ ಇ ಈ ಬಾಯಿಪಾಠ ಬರುತ್ತೆ, ಅಕ್ಷರ ತೋರಿಸಿದರೆ ಗೊತ್ತಾಗಲ್ಲ. ಯಾವ ಆಟ ಆಡಿಸಲಿ?

ನಿಮ್ಮ ತರಗತಿಯಲ್ಲಿ ಐದು ವರ್ಷದ 22 ಮಕ್ಕಳಿದ್ದಾರೆ, ಎಲ್ಲರೂ ಅ ದಿಂದ ಳ ವರೆಗೆ ರಾಗವಾಗಿ ಹೇಳುತ್ತಾರೆ, ಆದರೆ ಬೋರ್ಡ್ ಮೇಲೆ ಒಂದೇ ಒಂದು ಅಕ್ಷರ ಬರೆದು ಇದೇನು ಅಂದರೆ ಸುಮ್ನೆ ಮುಖ ನೋಡುತ್ತಾರೆ ಅಂತ ಬರೆದಿದ್ದೀರಿ. ಮಕ್ಕಳನ್ನು ಬೈಯದೆ, ಆಟದಲ್ಲೇ ಇದನ್ನು ಸರಿಮಾಡೋದು ಹೇಗೆ ಅಂತ ಕೇಳಿದ್ದೀರಿ. ನಾನು ತುಂಬಾ ವರ್ಷಗಳಿಂದ ಇದೇ ವಯಸ್ಸಿನ ಮಕ್ಕಳ ಜೊತೆ ಇದ್ದೇನೆ. ನನಗೆ ಫಲ ಕೊಟ್ಟಿದ್ದನ್ನು ಹೇಳುತ್ತೇನೆ.

ಮೊದಲು ಒಂದು ಮಗುವಿನ ವಿಷಯ. ಆ ಹುಡುಗಿ ಯಾವ ಅಕ್ಷರ ಕೇಳಿದರೂ ಸರಿಯಾಗಿಯೇ ಹೇಳುತ್ತಿದ್ದಳು, ಸ್ವಲ್ಪ ನಿಧಾನ ಅಷ್ಟೇ. ಒಂದು ದಿನ ಪಕ್ಕದಲ್ಲೇ ಕೂತು ಅವಳ ತುಟಿ ನೋಡಿದೆ. ಗೋಡೆಯ ಚಾರ್ಟ್‌ನಲ್ಲಿ 'ಎ' ಮೇಲೆ ಕೋಲು ಇಟ್ಟಿದ್ದೆ. ಅವಳು ಒಳಗೊಳಗೇ ಅ, ಆ, ಇ, ಈ, ಉ, ಊ, ಋ ಅಂತ ಚಾರ್ಟ್‌ನ ಮನೆಗಳನ್ನು ಎಣಿಸಿಕೊಂಡು ಬಂದು, ಆಮೇಲೆ ಜೋರಾಗಿ 'ಎ' ಅಂದಳು. ಅವಳಿಗೆ ಗೊತ್ತಿದ್ದದ್ದು ಆ ಅಕ್ಷರ ಕೂರುವ ಜಾಗ ಮಾತ್ರ. ಅದರ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ನಿಮ್ಮ ಮಕ್ಕಳಲ್ಲೂ ಇದೇ ಆಗಿರಬೇಕು. ಬಾಯಿಪಾಠ ತಪ್ಪಲ್ಲ, ಅದು ಹಾಡು. ಹಾಡು ಹೇಳಲು ಕಣ್ಣು ಬೇಕಾಗಿಲ್ಲ ಅಲ್ವಾ? ಹಾಗಾಗಿ ಯಾವ ಆಟ ಆರಿಸಿದರೂ ಒಂದೇ ಒಂದನ್ನು ಕೇಳಿಕೊಳ್ಳಿ: ಈ ಆಟ ಗೆಲ್ಲಲು ಮಗು ಅಕ್ಷರವನ್ನು ನೋಡಲೇಬೇಕಾ? ನೋಡದೆಯೂ ಗೆಲ್ಲಬಹುದಾದರೆ ಆ ಆಟ ಬಿಟ್ಟುಬಿಡಿ.

ಅದಕ್ಕೇ ಮೊದಲು ಕ್ರಮ ಮುರಿಯಿರಿ. ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ಮುಗಿಸುವ ಆಸೆ ಬೇಡ. ಐದು ಅಕ್ಷರ ಸಾಕು. ಸರ್ಕಾರಿ ಶಾಲೆಗಳ ನಲಿ-ಕಲಿ (ಆಟ-ಚಟುವಟಿಕೆಯ ಮೂಲಕ ಕಲಿಸುವ) ತರಗತಿಗಳಲ್ಲಿ ರ, ಗ, ಸ, ದ, ಅ ದಿಂದ ಶುರು ಮಾಡುವುದನ್ನು ನೀವು ಕೇಳಿರಬಹುದು. ಬರೆಯಲು ಸುಲಭ, ಜೊತೆಗೆ ಕೂಡಲೇ ಪದ ಹುಟ್ಟುತ್ತವೆ: ಸರ, ದರ, ಅರಸ, ಅಗಸ, ಗರಗಸ. ಎರಡೇ ವಾರದಲ್ಲಿ ಮಗು 'ಗರಗಸ' ಅಂತ ತಾನೇ ಓದಿದಾಗ ಅದರ ಮುಖ ನೋಡಬೇಕು ನೀವು! ಙ, ಞ ಗಳನ್ನು ಕೊನೆಗೆ ಇಟ್ಟುಕೊಳ್ಳಿ. ಈ ವಯಸ್ಸಿನ ಮಗು ಓದುವ ಪದಗಳಲ್ಲಿ ಅವು ಬರುವುದೇ ಇಲ್ಲ.

ಈಗ ಆಟ. ನೆಲದ ಮೇಲೆ ವೃತ್ತ ಬರೆದು, ಒಳಗೆ ಅಕ್ಷರ ಬರೆದು, ಕೂಗಿದ ಅಕ್ಷರಕ್ಕೆ ಹಾರುವ ಆಟ ಎಲ್ಲರಿಗೂ ಗೊತ್ತು. ಮಕ್ಕಳಿಗೆ ತುಂಬಾ ಇಷ್ಟ. ಆದರೆ 22 ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಇಬ್ಬರು ಅಕ್ಷರ ನೋಡುತ್ತಾರೆ, ಉಳಿದವರು ಆ ಇಬ್ಬರನ್ನು ನೋಡಿ ಓಡುತ್ತಾರೆ. ನಾನೇ ಒಂದು ಇಡೀ ತಿಂಗಳು ಹಾಗೆ ಆಡಿಸಿ, ಎಲ್ಲರಿಗೂ ಬಂತು ಅಂತ ಖುಷಿಪಟ್ಟಿದ್ದೆ. ಒಬ್ಬೊಬ್ಬರನ್ನೇ ಕೇಳಿದಾಗ ನಿಜ ಗೊತ್ತಾಯಿತು. ಈಗ ಇಬ್ಬಿಬ್ಬರನ್ನೇ ಬಿಡುತ್ತೇನೆ. ಕಾಯುವ ಮಕ್ಕಳ ಕೈಯಲ್ಲೂ ಅದೇ ಐದು ಕಾರ್ಡ್ ಇರುತ್ತವೆ. ಅಕ್ಷರ ಕೂಗಿದ ತಕ್ಷಣ ಅವರು ಕಾರ್ಡ್ ಎತ್ತಿ ಎದೆಗೆ ಒತ್ತಿ ಹಿಡಿಯಬೇಕು. ನಾನು 'ತೋರಿಸಿ' ಅಂದಾಗ ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಒಂದೇ ನೋಟಕ್ಕೆ ಯಾರಿಗೆ ಬಂತು, ಯಾರಿಗೆ ಇನ್ನೂ ಬಂದಿಲ್ಲ ಅಂತ ನನಗೆ ತಿಳಿಯುತ್ತದೆ. ಯಾರೂ ಸುಮ್ಮನೆ ಕಾಯುವುದಿಲ್ಲ.

ನನ್ನ ಅತಿ ಇಷ್ಟದ ಆಟ ಕಿಟಕಿ ಆಟ. ದೊಡ್ಡದಾಗಿ 'ಮ' ಬರೆದ ಕಾರ್ಡನ್ನು ಒಂದು ರಟ್ಟಿನ ಹಿಂದೆ ಬಚ್ಚಿಟ್ಟು, ಎಡಗಡೆಯಿಂದ ನಿಧಾನವಾಗಿ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡಬೇಕು. ಮಕ್ಕಳು 'ವ! ವ!' ಅಂತ ಕೂಗುತ್ತಾರೆ. ನೀವು ಏನೂ ಹೇಳಬೇಡಿ, ಇನ್ನಷ್ಟು ಸರಿಸಿ. ಕೊನೆಗೆ ಬಲಗಡೆಯ ಬಾಲ ಹೊರಗೆ ಬರುತ್ತದೆ. ಒಂದು ಕ್ಷಣ ಎಲ್ಲರೂ ಗಪ್ ಚುಪ್. ಆಮೇಲೆ ಯಾರೋ ಒಬ್ಬರು 'ಅಯ್ಯೋ, ಮ!' ಅನ್ನುತ್ತಾರೆ. ವ ಮತ್ತು ಮ ನಡುವಿನ ವ್ಯತ್ಯಾಸ ಆ ಬಾಲದಲ್ಲೇ ಇದೆ ಅಂತ ನಾನು ನೂರು ಸಲ ಬೋರ್ಡ್ ಮೇಲೆ ತೋರಿಸಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಮುಂದಿನ ಸಲ ಅದೇ ಮಕ್ಕಳು ಆತುರ ಪಡುವುದಿಲ್ಲ. 'ತಡಿ, ಬಾಲ ಬರಲಿ' ಅಂತ ಪಕ್ಕದವರನ್ನು ತಡೆಯುತ್ತಾರೆ. ಅದೇ ರೀತಿ ದ ಮತ್ತು ಧ ಆದರೆ ಮೇಲ್ಭಾಗ ಮೊದಲು ಕಾಣುವಂತೆ ಸರಿಸಿ, ಏಕೆಂದರೆ ಅಲ್ಲಿ ಗುಟ್ಟು ಇರುವುದು ಕೆಳಗಿನ ಸೀಳಿನಲ್ಲಿ.

ಒಂದು ಎಚ್ಚರಿಕೆ ಮಾತ್ರ. ಒಂದೇ ತರಹ ಕಾಣುವ ಅಕ್ಷರಗಳನ್ನು ಒಂದೇ ದಿನ ಹೊಸದಾಗಿ ಪರಿಚಯಿಸಬೇಡಿ. ವ ಗಟ್ಟಿಯಾಗಿ ಬರಲಿ, ಆಮೇಲೆ ಮ ತನ್ನಿ. ಎರಡೂ ಒಟ್ಟಿಗೆ ಬಂದರೆ ಮಗು ಎರಡನ್ನೂ ಕಲಸಿಕೊಂಡುಬಿಡುತ್ತದೆ, ಬಿಡಿಸಲು ತಿಂಗಳುಗಳೇ ಬೇಕು.

ಕೈಗೆ ಕೆಲಸ ಕೊಡುವ ಆಟಗಳನ್ನೂ ಸೇರಿಸಿ. 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿ ಅವರು ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ, ಹಲಗೆಗೆ ಅಂಟಿಸಿ, ಮಕ್ಕಳು ಅದರ ಮೇಲೆ ಬೆರಳು ಆಡಿಸುತ್ತಾ ಅದರ ಸದ್ದು ಹೇಳುವಂತೆ ಮಾಡಿದ್ದರು. ನಮಗೆ ಇದರಲ್ಲಿ ಇನ್ನೂ ಒಂದು ಅನುಕೂಲ ಇದೆ. ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಸದ್ದೂ ಒಂದೇ, 'ಗ' ಅಂದರೆ 'ಗ'. ಇಂಗ್ಲಿಷ್ ಕಲಿಯುವ ಮಗು 'ಡಬ್ಲ್ಯೂ' ಅಂತ ಒಂದು ಹೆಸರು ಕಲಿತು, ಅದರ ಸದ್ದನ್ನು ಬೇರೆಯೇ ಕಲಿಯಬೇಕು. ನೀವು ರಟ್ಟಿನಲ್ಲಿ ಕತ್ತರಿಸಿದ ಅಕ್ಷರಗಳನ್ನು ಬಟ್ಟೆ ಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ ಮುಟ್ಟಿ ಹೇಳಿಸಿ, ಇಲ್ಲಿ ಆಕಾರ ನೋಡುವುದು ಬೆರಳು. ಹಿಟ್ಟು ಅಥವಾ ಜೇಡಿಮಣ್ಣು ಇದ್ದರೆ ಇನ್ನೂ ಒಳ್ಳೆಯದು. ಉದ್ದ ಎಳೆ ಹೊಸೆದು ರ ಮಾಡಲಿ, ಅದರ ಹೊಟ್ಟೆಯಲ್ಲಿ ಒಂದು ಸಣ್ಣ ಉಂಡೆ ಇಡಲಿ. ಠ ಆಯಿತು! ಉಂಡೆ ತೆಗೆದರೆ ಮತ್ತೆ ರ. ಒಂದು ಹುಡುಗ ಅರ್ಧ ಗಂಟೆ ಬರೀ ಇದನ್ನೇ ಮಾಡುತ್ತಾ ಕೂತಿದ್ದ, ಇಡುತ್ತಾ, ತೆಗೆಯುತ್ತಾ, ಪ್ರತಿ ಸಲ ಹೆಸರು ಹೇಳುತ್ತಾ. ನಾನು ಅವನನ್ನು ಎಬ್ಬಿಸಲಿಲ್ಲ.

ಸಮಯ ಕಡಿಮೆ ಇದ್ದಾಗ 'ಯಾರು ಕಾಣೆ' ಆಟ ಸಾಕು. ಐದು ಕಾರ್ಡ್ ಇಡಿ, ಕಣ್ಣು ಮುಚ್ಚಿಸಿ, ಒಂದನ್ನು ಎತ್ತಿಬಿಡಿ, ಉಳಿದವುಗಳ ಜಾಗವನ್ನೂ ಬದಲಿಸಿ. ಜಾಗ ಬದಲಿಸದಿದ್ದರೆ ಮತ್ತೆ ಜಾಗದ ಲೆಕ್ಕವೇ ಶುರುವಾಗುತ್ತದೆ. ಹಾಗೆಯೇ ತಲೆಕಟ್ಟು ಇರುವ ಅಕ್ಷರ ಒಂದು ಡಬ್ಬಿಗೆ, ಇಲ್ಲದ್ದು ಇನ್ನೊಂದಕ್ಕೆ. ಗ, ಸ, ದ ಒಂದು ಕಡೆ, ಲ, ಬ, ಜ, ಟ ಇನ್ನೊಂದು ಕಡೆ. ಹೆಸರು ಗೊತ್ತಿಲ್ಲದ ಮಗುವೂ ಇದನ್ನು ಆಡಬಹುದು, ಆಡುತ್ತಾ ಆಕಾರ ಗಮನಿಸಲು ಕಲಿಯುತ್ತದೆ.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ತಪ್ಪು ಹೇಳಿದವರು ಔಟ್ ಅನ್ನುವ ನಿಯಮ. ಅಕ್ಷರ ಬಾರದ ಮಗುವೇ ಮೊದಲು ಹೊರಗೆ ಹೋಗಿ ಕೂರುತ್ತದೆ, ಚೆನ್ನಾಗಿ ಬರುವ ಮಗು ಕೊನೆಯವರೆಗೂ ಆಡುತ್ತದೆ. ಯಾರಿಗೆ ಜಾಸ್ತಿ ಅಭ್ಯಾಸ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಗೋಡೆಗೆ ಒರಗಿ ಕೂತು ಬೇರೆಯವರ ಆಟ ನೋಡುವ ಮಗುವಿನ ಮನಸ್ಸಿನಲ್ಲಿ ಏನು ಕೂರುತ್ತದೆ ಅಂತ ಯೋಚಿಸಿ. ತಪ್ಪಾದರೆ ಜೋಡಿಯ ಮಗು ಸಹಾಯ ಮಾಡಲಿ, ಮತ್ತೆ ಆಡಲಿ. ಆಟ ಹತ್ತು ನಿಮಿಷಕ್ಕಿಂತ ಎಳೆಯಬೇಡಿ, ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ದಿನಕ್ಕೆ ಎರಡು ಸಲ ಆಡಿಸಿದರೂ ಪರವಾಗಿಲ್ಲ.

ಬಂತೋ ಇಲ್ಲವೋ ನೋಡಲು ಪರೀಕ್ಷೆ ಬೇಡ. ಹಳೆಯ ದಿನಪತ್ರಿಕೆಯ ದೊಡ್ಡ ಶೀರ್ಷಿಕೆಗಳನ್ನು ಕತ್ತರಿಸಿ ಕೊಡಿ, ಒಂದು ಬಣ್ಣದ ಪೆನ್ಸಿಲ್ ಕೊಡಿ, 'ಗ ಎಲ್ಲೆಲ್ಲಿ ಅಡಗಿದೆ ಹುಡುಕಿ ಸುತ್ತು ಹಾಕಿ' ಅನ್ನಿ. ನಿಮ್ಮ ಕೈಬರಹ ಬಿಟ್ಟು ಬೇರೆ ಅಚ್ಚಿನಲ್ಲೂ ಗುರುತಿಸಿದರೆ ನಿಜವಾಗಿ ಬಂದಿದೆ ಅಂತ ಅರ್ಥ. ಇದನ್ನು ಆಡಿಸುವ ದಿನ ಒಂದು ಪ್ರಶ್ನೆ ಬಂದೇ ಬರುತ್ತದೆ, ತಯಾರಾಗಿರಿ. ನಮ್ಮಲ್ಲಿ, ಆ ತುಟಿಯಲ್ಲೇ ಎಣಿಸುತ್ತಿದ್ದ ಹುಡುಗಿಯೇ ಚೂರು ಹಿಡಿದುಕೊಂಡು ಬಂದಳು. 'ಗು' ಮೇಲೆ ಬೆರಳಿಟ್ಟು, 'ಟೀಚರ್, ಇದು ಗ ನೇ, ಆದ್ರೆ ಇದಕ್ಕೆ ಬಾಲ ಯಾಕಿದೆ? ಸುತ್ತು ಹಾಕ್ಲಾ ಬೇಡ್ವಾ?' ಅಂದಳು. ಹಾಕು ಅಂದೆ. ಮಾರನೇ ದಿನ ಕೊಂಬು ಶುರು ಮಾಡಿದೆವು.