ಗೊಬ್ಬರದಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆ

ಪ್ರಶ್ನೆ: ಕೋಡಿಬಾಗದಲ್ಲಿ ನಾವು ಹದಿನಾಲ್ಕು ಮನೆಯವರು ಸೇರಿ ಅಡುಗೆಮನೆಯ ಹಸಿಕಸದಿಂದ ಗೊಬ್ಬರ ಮಾಡುತ್ತೇವೆ. ಮೊದಲ ಗುಂಡಿ ತೆಗೆದರೆ ತುಂಬ ಪ್ಲಾಸ್ಟಿಕ್ ಚೂರು, ಜರಡಿ ಹಿಡಿದರೂ ಹೋಗುತ್ತಿಲ್ಲ. ಏನು ಮಾಡಬೇಕು? ಮೀನಿನ ಕಸ ಹಾಕಬಹುದೇ?
– ಓದುಗರು, ಕಾರವಾರ

ಉತ್ತರ: ಗುಂಡಿ ತಿರುವಿದಾಗಲೆಲ್ಲ ತೆಳು ಪ್ಲಾಸ್ಟಿಕ್ ಹರಿದು ಒಂದು ಹತ್ತಾಗುತ್ತದೆ. ಆಮೇಲೆ 4 ಮಿ.ಮೀ. ಕಣ್ಣಿನ ಜರಡಿಯಲ್ಲಿ ಗೊಬ್ಬರದ ಜೊತೆ ಅದೂ ಇಳಿಯುತ್ತದೆ. ಹಾಗಾಗಿ ಬಕೆಟ್ಟಿಗೆ ಬೀಳುವ ಮೊದಲೇ ತಡೆಯಬೇಕು.

ಕಣ್ತಪ್ಪಿ ಬರುವ ವಸ್ತುಗಳು ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಅವೇ: ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಸೇಬಿನ ಸ್ಟಿಕ್ಕರ್, ಹೂಮಾಲೆಯ ನೈಲಾನ್ ದಾರ, ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್, ಟೀ ಬ್ಯಾಗು, ಒಳಗೆ ಪ್ಲಾಸ್ಟಿಕ್ ಪದರವಿರುವ ಕಾಗದದ ಲೋಟ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅದಕ್ಕೇ ಅಂಟಿಕೊಂಡಿರುವಂತೆ ಬಿಟ್ಟರೆ ಅರ್ಧ ತಲೆನೋವು ಕಳೆಯುತ್ತದೆ. ಗುಂಡಿಯಲ್ಲಿ ಸಿಕ್ಕಿದ ಚೂರುಗಳನ್ನೇ ತೊಳೆದು ರಟ್ಟಿಗೆ ಅಂಟಿಸಿ, ಎಲ್ಲರಿಗೂ ಕಾಣುವಲ್ಲಿ ತೂಗುಹಾಕಿ. ಬರೆದ ಪಟ್ಟಿಯನ್ನು ಯಾರೂ ಓದುವುದಿಲ್ಲ, ಕಣ್ಣಾರೆ ಕಂಡದ್ದು ನೆನಪಿರುತ್ತದೆ.

ಬಕೆಟ್ಟಿಗೆ ಕ್ಯಾರಿಬ್ಯಾಗ್ ಹಾಕುವುದನ್ನು ಇಂದೇ ನಿಲ್ಲಿಸಿ. ‘ಕಾಂಪೋಸ್ಟೆಬಲ್’ ಎಂದು ಬರೆದ ಚೀಲವೂ ಬೇಡ. ಅದು ಸುಮಾರು 58 ಡಿಗ್ರಿ ಶಾಖ ವಾರಗಟ್ಟಲೆ ನಿಲ್ಲುವ ದೊಡ್ಡ ಘಟಕಗಳಲ್ಲಿ ಕರಗುವಂಥದ್ದು. ಹಿತ್ತಿಲ ಗುಂಡಿ ಅಷ್ಟು ದಿನ ಬಿಸಿ ಹಿಡಿದಿರುವುದಿಲ್ಲ. ಎರಡು ಹಾಳೆ ಹಳೆ ಪೇಪರ್ ಹಾಸಿದರೆ ಸಾಕು. ಗುಂಡಿಗೆ ಸುರಿಯುವ ಮೊದಲು ಕಸವನ್ನು ತಾಡಪಾಲಿನ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಕೈಗವಸು ಹಾಕಿ ಆರಿಸಿ. ಕೊಚ್ಚುವುದು ಆಮೇಲೆ. ಮೊದಲೇ ಕೊಚ್ಚಿದರೆ ಪ್ಲಾಸ್ಟಿಕ್ಕನ್ನೂ ಕೊಚ್ಚಿದಂತೆ. ಔಷಧಿ, ಬ್ಯಾಟರಿ, ಡೈಪರ್ ಕಂಡ ಬಕೆಟ್ಟನ್ನು ಪೂರ್ತಿ ವಾಪಸು ಕೊಡಿ. ಮುಲಾಜು ನೋಡಿದರೆ ಹದಿನಾಲ್ಕು ಮನೆಯ ಗೊಬ್ಬರವೂ ಹಾಳು.

ಮೀನಿನ ತಲೆ, ಕರುಳು, ಸಿಗಡಿ ಸಿಪ್ಪೆ ಧಾರಾಳವಾಗಿ ಹಾಕಿ. ಮಾರ್ಕೆಟ್ಟಿನ ಚೀಲದ ಗಂಟು ಬಿಚ್ಚಿದ್ದಾರೆಯೇ ಎಂದು ಮಾತ್ರ ನೋಡಿ. ಒಂದು ಪಾಲು ಮೀನಿಗೆ ಮೂರು ಪಾಲು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ ರಾಶಿಯ ನಡುವೆ ಹುಗಿದು, ಮೇಲೆ ಒಂದು ಗೇಣು ಒಣ ಹೊದಿಕೆ ಕೊಡಿ. ಇಲ್ಲವಾದರೆ ನಾಯಿ, ಕಾಗೆ, ಹುಳ ಎಲ್ಲವೂ ಬರುತ್ತವೆ. ಬಳಚಿನ ಚಿಪ್ಪು ಕೊಳೆಯದು, ಬೇರೆ ಇಡಿ. ಒಣಮೀನನ್ನು ಉಪ್ಪು ಹೋಗುವಂತೆ ತೊಳೆಯದೆ ಹಾಕಬೇಡಿ.

ಈಗಾಗಲೇ ಕೆಟ್ಟ ಗೊಬ್ಬರವನ್ನು ನೆರಳಲ್ಲಿ ಪುಡಿಪುಡಿಯಾಗುವಷ್ಟು ಒಣಗಿಸಿ ಜರಡಿ ಹಿಡಿಯಿರಿ. ಹಸಿ ಇದ್ದರೆ ಜರಡಿ ಕಟ್ಟಿಕೊಳ್ಳುತ್ತದೆ. ಇಳಿದದ್ದನ್ನು ಮಧ್ಯಾಹ್ನದ ಕಡಲಗಾಳಿಗೆ ಭತ್ತದಂತೆ ತೂರಿ. ಗಾಳಿ ಹೋಗುವ ಕಡೆ ಹಳೆ ಸೀರೆ ಕಟ್ಟಿ, ಹಾರಿದ ಪ್ಲಾಸ್ಟಿಕ್ ಕಾಳಿ ನದಿ ಸೇರಬಾರದು. ಇಷ್ಟಾದರೂ ಸಣ್ಣ ಚೂರು ಉಳಿಯುತ್ತದೆ. ಈ ಗೊಬ್ಬರವನ್ನು ತರಕಾರಿಗೆ ಹಾಕದೆ ಹೂಕುಂಡಗಳಿಗಷ್ಟೇ ಬಳಸಿ.

ಪ್ರಶ್ನೆ: ಮಿಡಿ ಉಪ್ಪಿನಕಾಯಿಯ ಉಪ್ಪುನೀರು, ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಸಿಂಪಡಣೆ ದ್ರಾವಣ) ಕಲೆಸಿದ ಡ್ರಮ್ ತೊಳೆದ ನೀರು ಎರೆಹುಳ ಗೊಬ್ಬರದ ಗುಂಡಿಗೆ ಹೋಗಿದೆ. ಹುಳಗಳು ಗೋಡೆ ಹತ್ತುತ್ತಿವೆ.
– ಓದುಗರು, ಶಿರಸಿ

ಉತ್ತರ: ಎರೆಹುಳ ಒದ್ದೆ ಚರ್ಮದ ಮೂಲಕವೇ ಉಸಿರಾಡುತ್ತದೆ, ಉಪ್ಪು ಆ ತೇವವನ್ನೇ ಎಳೆದುಬಿಡುತ್ತದೆ. ಬದುಕಿದ ಹುಳಗಳನ್ನು ಇಂದೇ ಅರೆಕೊಳೆತ ಸಗಣಿ ಮತ್ತು ದರಕಿನ (ಉದುರಿದ ಒಣ ಎಲೆಯ) ಹೊಸ ಹಾಸಿಗೆಗೆ ಸಾಗಿಸಿ. ಬರೀ ಉಪ್ಪಾಗಿದ್ದರೆ ಹೇರಳ ನೀರು ಹಾಯಿಸಿ ಬಸಿದು ತೆಗೆಯಬಹುದಿತ್ತು. ಮೈಲುತುತ್ತದ ತಾಮ್ರ ಹಾಗಲ್ಲ: ಕೊಳೆಯುವುದಿಲ್ಲ, ಸುಲಭಕ್ಕೆ ತೊಳೆದೂ ಹೋಗುವುದಿಲ್ಲ, ಪ್ರತಿ ಸಲ ಹಾಕಿದಷ್ಟೂ ಸೇರುತ್ತ ಹೋಗುತ್ತದೆ. ನೀರು ಬಿದ್ದ ಭಾಗವನ್ನು ಅಗೆದು ಹೊರಹಾಕಿ. ಇನ್ನು ಮುಂದೆ ಡ್ರಮ್ ತೊಳೆದ ನೀರನ್ನು ಅಂದಿನ ಸಿಂಪಡಣೆಯಲ್ಲೇ ಮುಗಿಸಿ, ಉಪ್ಪುನೀರನ್ನು ಗಿಡಬಳ್ಳಿ ಇಲ್ಲದ ಕಡೆ ಚೆಲ್ಲಿ. ಗುಂಡಿ ಮತ್ತೆ ತುಂಬಿದ ಮೇಲೆ ಹತ್ತು ಹುಳ ಬಿಟ್ಟು ನೋಡಿ. ಮರುದಿನ ಬೆಳಿಗ್ಗೆ ಹತ್ತೂ ಒಳಗೇ ಇದ್ದರೆ ಉಳಿದವನ್ನು ಬಿಡಿ.